ನೂರರಲ್ಲಿ ಏಳು

ಮೂಡುಬಿದಿರೆಯ ವೀರರಾಜ ಇಂದ್ರರ ಮನೆಯ ಬಾವಿಗೆ ಬೆಳಿಗ್ಗೆ ಕೊಡಪಾನ ಇಳಿಸಿದರೆ ಅದು ನೀರಿಗೆ ತಾಗುವಾಗ ಮಧ್ಯಾಹ್ನವಾಗುತ್ತಿತ್ತು. ಎಳೆದು ಮೇಲೆ ತರುವಷ್ಟರಲ್ಲಿ ಸೇದುವವನ ಗಡ್ಡ ಒಂದು ಬೆರಳು ಬೆಳೆದಿರುತ್ತಿತ್ತು. ಇದು ಇಂದ್ರರೇ ಶೀನಪ್ಪನ ಹೋಟೆಲಿನಲ್ಲಿ ಕುಳಿತು ಹೇಳಿದ ಲೆಕ್ಕ, ಹಾಗಾಗಿ ನಂಬಬೇಕು. ಅವರ ಹಿತ್ತಿಲಿನಲ್ಲಿ ಹಲಸಿನ ಹಣ್ಣೊಂದು ಬಿದ್ದ ಸದ್ದಿಗೆ ಅಲ್ಲಿ ಬೆಳ್ತಂಗಡಿಯ ಗಡಾಯಿಕಲ್ಲು ಬೆಟ್ಟದ ತುದಿಯಲ್ಲಿ ಕುಳಿತ ಹದ್ದುಗಳು ಎದ್ದು ಹಾರಿದ್ದವು. ಹರೆಯದಲ್ಲಿ ಅವರು ಬಂಟ್ವಾಳದ ದೋಣಿ ಕಡವಿನಲ್ಲಿ ನೇತ್ರಾವತಿಯ ನೆರೆಗೆ ಇಳಿದು ಈಜಿದಾಗ ಸುಸ್ತಾದದ್ದು ಅವರಿಗಲ್ಲ, ನದಿಗೆ. ಮರುದಿನ ನೆರೆ ಇಳಿದುಹೋಗಿತ್ತು. ಊರಿನವರಿಗೆ ಇವೆಲ್ಲ ಬಾಯಿಪಾಠ. ಆದರೂ ದಿನಾ ಕೇಳುತ್ತಿದ್ದರು, ಯಾಕೆಂದರೆ ದಿನಾ ಬಾವಿ ಸ್ವಲ್ಪ ಆಳವಾಗುತ್ತಿತ್ತು.

ಇಂದ್ರರೆಂದರೆ ಜೈನ ಬಸದಿಗಳಲ್ಲಿ ಪೂಜೆ ಮಾಡುವ ಮನೆತನದವರು. ವೀರರಾಜ ಇಂದ್ರರಿಗೆ ಪೂಜೆಯ ಹಕ್ಕಿನ ಜೊತೆ ಇನ್ನೊಂದು ಆಸ್ತಿಯಿತ್ತು. ಅದು ಅಟ್ಟದ ಮೇಲಿನ ಮರದ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿಟ್ಟ ತಾಳೆಗರಿಯ ಕಟ್ಟುಗಳು. ಪ್ರಾಕೃತ, ಸಂಸ್ಕೃತ, ಹಳಗನ್ನಡ ಮೂರನ್ನೂ ಓದಿ ಅರ್ಥ ಹೇಳಬಲ್ಲವರು ಆ ಸೀಮೆಯಲ್ಲಿ ಅವರೊಬ್ಬರೇ ಎಂದು ಅವರು ಹೇಳುತ್ತಿದ್ದರು. ಅಪರೂಪಕ್ಕೆ ಅದು ಮಾತ್ರ ನಿಜವಾಗಿತ್ತು.

ಆದರೆ ಅವರಲ್ಲಿ ಒಂದು ವಿಚಿತ್ರವಿತ್ತು. ಕೈಕಾಲು ತೊಳೆದು, ಮಡಿಯುಟ್ಟು, ಕಟ್ಟಿನ ಬಟ್ಟೆ ಬಿಚ್ಚಿ ಗರಿಯನ್ನು ವ್ಯಾಸಪೀಠದ ಮೇಲಿಟ್ಟರೆಂದರೆ ಮನುಷ್ಯ ಬೇರೆಯೇ ಆಗುತ್ತಿದ್ದರು. ಸ್ವರ ಇಳಿಯುತ್ತಿತ್ತು. ಗೊತ್ತಿದ್ದದ್ದನ್ನು ಗೊತ್ತುಂಟು ಎನ್ನುವರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವರು, ಅದರಾಚೆ ಒಂದು ಮಾತಿಲ್ಲ. ಓದು ಮುಗಿಸಿ ಬಟ್ಟೆ ಸುತ್ತಿ ಗಂಟು ಹಾಕಿದ ಮರುಕ್ಷಣ ಬಾವಿಗೆ ಮತ್ತೆ ಆಳ ಬರುತ್ತಿತ್ತು. ಅವರ ಹೆಂಡತಿ ಯಶೋಧಮ್ಮ ಹೇಳುತ್ತಿದ್ದರು, "ಆ ಕಟ್ಟು ಬಿಚ್ಚಿದರೆ ಇವರ ನಾಲಿಗೆ ಕಟ್ಟಿಕೊಳ್ತದೆ. ಅದನ್ನು ಕಟ್ಟಿದರೆ ಇದು ಬಿಚ್ಚಿಕೊಳ್ತದೆ."

ನಮ್ಮ ಜಿಲ್ಲೆ ಮದರಾಸಿನ ಕೈಬಿಟ್ಟು ಮೈಸೂರಿನ ಕೈ ಹಿಡಿದ ಮರುವರ್ಷ, ಒಂದು ಸಂಜೆ, ಬಂಟ್ವಾಳದ ಬಸ್ಸಿನ ಕಂಡಕ್ಟರ್ ಮಮ್ಮು ಒಬ್ಬ ತರುಣನನ್ನು ಶೀನಪ್ಪನ ಹೋಟೆಲಿಗೆ ಕರೆತಂದ. ಕೈಯಲ್ಲಿ ಒಂದು ಪೆಟ್ಟಿಗೆ, ಮೈಯಲ್ಲಿ ಕರಿ ಕೋಟು, ಮುಖದ ತುಂಬ ಬಂಟ್ವಾಳದ ರಸ್ತೆಯ ಧೂಳು.

"ಇಂದ್ರರೇ, ನಿಮ್ಮನ್ನು ಹುಡುಕಿಕೊಂಡು ಜಪಾನಿನಿಂದ ಒಂದು ಜನ ಬಂದಿದೆ," ಎಂದ ಮಮ್ಮು. "ಮಂಗಳೂರಲ್ಲಿ ತಪ್ಪು ಬಸ್ಸು ಹತ್ತಿ ಬಂಟ್ವಾಳದಲ್ಲಿ ಇಳಿದಿತ್ತು. ನಾನು ನೋಡಿದ್ದಕ್ಕೆ ಆಯಿತು, ಇಲ್ಲದಿದ್ದರೆ ಇಷ್ಟೊತ್ತಿಗೆ ಕನ್ಯಾನಕ್ಕೆ ಮುಟ್ಟುತ್ತಿತ್ತು."

"ಒಂದೇ ಜನವಾ?" ಎಂದು ಇಂದ್ರರು ಚಾದ ಲೋಟ ಕೆಳಗಿಟ್ಟರು. "ಹತ್ತು ಜನ ಬರ್ತಾರೆ ಅಂತ ನಾನು ಎಣಿಸಿದ್ದೆ."

ಊರಿನಲ್ಲಿ ಬರ್ಮಾದಲ್ಲಿ ಜಪಾನಿನವರ ಮೇಲೆ ಯುದ್ಧಕ್ಕೆ ಹೋಗಿ ಬಂದವರು ಇಬ್ಬರಿದ್ದರು. ಆ ಮುಖ ನೋಡಿ ಅವರಿಗೆ ಮಾತ್ರ ಚಾ ಗಂಟಲಲ್ಲೇ ನಿಂತಿತು. ತರುಣ ಎಲ್ಲರ ಕಡೆಗೂ ತಿರುಗಿ, ಸೊಂಟ ಮುರಿಯುತ್ತದೋ ಎಂಬಷ್ಟು ಬಗ್ಗಿ ನಮಸ್ಕರಿಸಿದ ಮೇಲೆ ಅದು ಕೆಳಗೆ ಇಳಿಯಿತು.

ಅವನ ಹೆಸರು ಇಶಿದಾ. ಜಪಾನಿನ ಒಂದು ವಿಶ್ವವಿದ್ಯಾಲಯದಲ್ಲಿ ಸಂಸ್ಕೃತ, ಪ್ರಾಕೃತ ಓದಿದವನು. ತಾಳೆಗರಿ ಓದುವ ವಿದ್ಯೆ ಕಲಿಯಬೇಕಾದರೆ ಮೂಡುಬಿದಿರೆಗೆ ಹೋಗು ಎಂದು ಮುಂಬಯಿಯಲ್ಲಿ ಯಾರೋ ವಿದ್ವಾಂಸರು ದಾರಿ ತೋರಿಸಿದ್ದರು. ಕನ್ನಡವನ್ನು ಹಡಗಿನಲ್ಲಿ ಒಂದು ವ್ಯಾಕರಣ ಪುಸ್ತಕ ಹಿಡಿದು ತಾನೇ ಕಲಿತಿದ್ದ. ಹಾಗಾಗಿ ಅವನ ಕನ್ನಡ ಶಾಸನದ ಕಲ್ಲು ಎದ್ದು ಬಂದು ಮಾತಾಡಿದ ಹಾಗೆ ಇತ್ತು. ಹೈಸ್ಕೂಲಿನ ಇಂಗ್ಲಿಷ್ ಮಾಸ್ಟ್ರು ಚಿನ್ನಯ್ಯ ಶೆಟ್ಟರು ಅವನೊಡನೆ ಮಾತಾಡಿ ಬಂದ ದಿನ ಮನೆಯಲ್ಲಿ ಹೆಂಡತಿಯ ಹತ್ತಿರವೂ "ಭೋಜನವು ಸಿದ್ಧವಾಗಿರುವುದೇ" ಎಂದು ಕೇಳಿದರಂತೆ.

ಇಂದ್ರರ ಚಾವಡಿಯ ಪಕ್ಕದ ಕೋಣೆಯಲ್ಲಿ ಅವನ ವಾಸ. ಮರುದಿನ ಬೆಳಿಗ್ಗೆ ಅವನು ಪೆನ್ಸಿಲು ಚೂಪು ಮಾಡಿ, ಕಾಗದ ಜೋಡಿಸಿ ಬಂದು ಕುಳಿತ.

"ತಾವು ಪಾಠವನ್ನು ಎಂದು ಆರಂಭಿಸುವಿರಿ?"

"ಆರಂಭ ಆಯಿತಲ್ಲ," ಎಂದು ಇಂದ್ರರು ಒಂದು ಹತ್ತಿಯ ಬಟ್ಟೆಯನ್ನೂ ಬಟ್ಟಲಿನಲ್ಲಿ ಗರಿಗೆ ಹುಳ ಹಿಡಿಯದಂತೆ ಹಚ್ಚುವ ಹುಲ್ಲೆಣ್ಣೆಯನ್ನೂ ಮುಂದಿಟ್ಟರು. "ಪೆನ್ಸಿಲು ಒಳಗಿಡು. ಒಂದೊಂದೇ ಗರಿ ತೆಗೆದು ಎಣ್ಣೆ ಹಚ್ಚಿ ಒರೆಸು. ಓದಬೇಡ."

"ಓದಬಾರದೇ?"

"ಕಣ್ಣಿಗೆ ಅವಸರ ಜಾಸ್ತಿ. ಮೊದಲು ಕೈ ಓದಲಿ."

ಇಶಿದಾನ ಊರಿನಲ್ಲಿ ವಿದ್ಯೆಗೆ ಗಂಟೆಯಿತ್ತು, ಕರಿಹಲಗೆಯಿತ್ತು, ಯಾವ ತಿಂಗಳು ಯಾವ ಪುಟ ಎಂಬುದು ಮೊದಲೇ ಅಚ್ಚಾಗಿರುತ್ತಿತ್ತು. ಇಲ್ಲಿ ಗುರುವಿಗೆ ಮನಸ್ಸು ಬಂದು ಬಟ್ಟೆ ಬಿಚ್ಚಿದಾಗ ಪಾಠ. ಸೂರ್ಯ ಮುಳುಗುವ ಮೊದಲು ಊಟ ಮುಗಿಯಬೇಕಾದ ಮನೆಯಾದ್ದರಿಂದ, ಒಳಗೆ ಯಶೋಧಮ್ಮ ಸೌಟು ಬಡಿದರೆ ಶಾಲೆ ಬಿಟ್ಟಂತೆ. ಪ್ರಶ್ನೆ ಕೇಳಿದರೆ ಇಂದ್ರರು, "ಆ ಪ್ರಶ್ನೆಗೆ ನಿನಗೆ ಇನ್ನೂ ವಯಸ್ಸಾಗಲಿಲ್ಲ," ಎನ್ನುತ್ತಿದ್ದರು. ತಿಂಗಳುಗಟ್ಟಲೆ ಅವನು ಒರೆಸಿದ. ಅವನು ಒರೆಸಿದ ಗರಿಗಳನ್ನು ಒಂದರ ತುದಿಗೆ ಒಂದು ಜೋಡಿಸಿದ್ದರೆ ಮಿಜಾರು ದಾಟಿ ಸಮುದ್ರಕ್ಕೆ ಮುಟ್ಟಿ, ಅಲ್ಲಿಂದ ಅರ್ಧ ಜಪಾನಿಗೆ ಸೇತುವೆಯಾಗುತ್ತಿತ್ತು.

"ನಾನು ಅಧ್ಯಯನಕ್ಕೆ ಬಂದೆನೋ, ಒರೆಸುವುದಕ್ಕೆ ಬಂದೆನೋ, ಅರಿಯೆನು," ಎಂದು ಅವನು ಒಮ್ಮೆ ಚಿನ್ನಯ್ಯ ಮಾಸ್ಟ್ರ ಹತ್ತಿರ ಹೇಳಿಕೊಂಡ. ಅದೇ ದಿನ ಇನ್ನೊಂದು ವಿಷಯವನ್ನೂ ಹೇಳಿದ. ಅವನ ಅಪ್ಪನದು ಮರದ ಚಪ್ಪಲಿಯ ಅಂಗಡಿ. ಮಗನೂ ಅದರಲ್ಲೇ ಕೂರಲಿ ಎಂಬುದು ಅಪ್ಪನ ಹಟ. ವಿಶ್ವವಿದ್ಯಾಲಯ ಒಂದು ವರ್ಷದ ಮಟ್ಟಿಗೆ ಇವನನ್ನು ಕಳುಹಿಸಿದೆ. ವರ್ಷ ಕಳೆದಾಗ ಇಲ್ಲಿಯ ಗುರು ನೂರಕ್ಕೆ ಇಷ್ಟು ಎಂದು ಅಂಕ ಕೊಟ್ಟು ಕಳುಹಿಸಬೇಕು. ಅರವತ್ತು ಬಂದರೆ ಇನ್ನೊಂದು ವರ್ಷ ಇಲ್ಲಿಯ ಓದು, ಆಮೇಲೆ ಅಲ್ಲಿ ಕಲಿಸುವ ಕೆಲಸ. ಕಡಿಮೆಯಾದರೆ ಹಡಗು, ಚಪ್ಪಲಿ ಅಂಗಡಿ.

"ಇದನ್ನು ಇಂದ್ರರಿಗೆ ಹೇಳಿದ್ದೀಯಾ?"

"ಇಲ್ಲ. ಹೇಳಿದರೆ, ಇಷ್ಟು ಕೊಡಿರಿ ಎಂದು ಕೈ ಚಾಚಿದಂತಾಗುವುದು."

ಮಾಸ್ಟ್ರು ನಕ್ಕರು. "ಹೆದರಬೇಡ ಮಾರಾಯ. ಅವರ ಕೈಯಲ್ಲಿ ಅಂಕ ಅಂದರೆ ನೂರಕ್ಕೆ ನೂರೈವತ್ತು ಬರಬಹುದು, ನನಗೆ ಅದೊಂದೇ ಹೆದರಿಕೆ."

ಕೊನೆಗೆ ಓದು ಶುರುವಾಯಿತು. ಇಂದ್ರರು ಒಂದು ಸಾಲು ಹೇಳುವರು, ಇಶಿದಾ ಹೇಳುವನು. ಸ್ವರ ತಪ್ಪಿದರೆ ಮತ್ತೆ ಮೊದಲಿನಿಂದ. ಕಾಗದ ಮುಟ್ಟುವ ಹಾಗಿಲ್ಲ. ಆದರೆ ಸಾಲುಗಳು ಅವನ ನಾಲಿಗೆ ಏರುವ ವೇಗ ನೋಡಿ ಇಂದ್ರರು ಒಳಗೊಳಗೇ ಬೆರಗಾದರು. ಒಂದು ದಿನ ಅವರು ಒಂದು ಕಟ್ಟಿನ ನಡುಭಾಗಕ್ಕೆ ಬಂದು ಓದು ನಿಲ್ಲಿಸಿದರು. ಅಲ್ಲಿ ವಾಕ್ಯ ಹೊರಟದ್ದು ಒಂದು ಕಡೆಗೆ, ಮುಟ್ಟಿದ್ದು ಇನ್ನೊಂದು ಕಡೆಗೆ.

"ಇಲ್ಲಿ ನನಗೆ ಗೊತ್ತಿಲ್ಲ," ಎಂದರು. "ನನ್ನ ಗುರುಗಳು, ನೆಲ್ಲಿಕಾರಿನ ಅಜ್ಜ ಇಂದ್ರರು, ಅವರಿಗೂ ಗೊತ್ತಿರಲಿಲ್ಲ. ಇಲ್ಲಿ ಬಂದಾಗ ಅವರು, 'ಗೊತ್ತಿಲ್ಲ, ಮುಂದೆ ಹೋಗುವ' ಅಂತ ಹೇಳಿದ್ದರು. ನಾನೂ ಹಾಗೆಯೇ ಹೇಳ್ತೇನೆ. ಮುಂದೆ ನೀನು ಯಾರಿಗಾದರೂ ಕಲಿಸುವಾಗ ಈ ಗೊತ್ತಿಲ್ಲವನ್ನು ಸಹ ಬಿಡದೆ ಕಲಿಸಬೇಕು."

ಇಶಿದಾ ಆ ಗರಿಯನ್ನು ಇನ್ನೊಂದು ಸಲ ಒರೆಸಿ ಇಟ್ಟ. ಅಷ್ಟು ದೊಡ್ಡ ವಿಶ್ವವಿದ್ಯಾಲಯದಲ್ಲಿ ಯಾವ ಗುರುವೂ ಅವನಿಗೆ ಈ ಪಾಠ ಹೇಳಿಕೊಟ್ಟಿರಲಿಲ್ಲ.

ವರ್ಷ ತಿರುಗುತ್ತಿದ್ದಂತೆ ಜಪಾನಿನಿಂದ ಅಂಕದ ಫಾರಂ ಬಂತು. ಇಂಗ್ಲಿಷಿನಲ್ಲಿದ್ದ ಅದನ್ನು ಚಿನ್ನಯ್ಯ ಮಾಸ್ಟ್ರು ಓದಿ ಹೇಳಿದರು.

"ಎಂತ ಇಲ್ಲ ಇಂದ್ರರೇ, ನೂರರಲ್ಲಿ ಹುಡುಗನಿಗೆ ಎಷ್ಟು ಅಂತ ಇಲ್ಲಿ ಬರೆದು ಕೆಳಗೆ ರುಜು ಹಾಕುವುದು."

"ನೂರು ಅಂದರೆ ಎಂತದು?"

ಮಾಸ್ಟ್ರಿಗೆ ಶಾಲೆಯ ಗಂಟೆಯಾಗಿತ್ತು. "ನೂರು ಅಂದರೆ ಎಲ್ಲ ಬಂತು ಅಂತ. ಬಾಕಿ ಏನೂ ಇಲ್ಲ ಅಂತ." ಮೆಟ್ಟಿಲು ಇಳಿದವರು ನೆನಪಾಗಿ ಹಿಂದೆ ತಿರುಗಿದರು. "ನೂರಕ್ಕಿಂತ ಮೇಲೆ ಹಾಕಬೇಡಿ ಮಾರಾಯ್ರೆ. ಅವರಲ್ಲಿ ಅದಕ್ಕೆ ಜಾಗ ಇಲ್ಲ."

ಇಂದ್ರರು ಅದನ್ನು ಸುಮ್ಮನೆ ಬರೆದುಬಿಡಬಹುದಿತ್ತು. ಆದರೆ ವಿದ್ಯೆಯ ವಿಷಯವಾದ್ದರಿಂದ ಕೈಕಾಲು ತೊಳೆದು, ಮಡಿಯುಟ್ಟು, ಕಟ್ಟಿನ ಬಟ್ಟೆ ಬಿಚ್ಚಿ ಅದರ ಮುಂದೆ ಕುಳಿತರು. ಎಡವಟ್ಟಾದದ್ದು ಅಲ್ಲಿಯೇ.

ಎಲ್ಲ ಬಂತು, ಬಾಕಿ ಏನೂ ಇಲ್ಲ ಎಂದರೆ ಅದು ಕೇವಲಜ್ಞಾನ. ಮೂರು ಲೋಕ, ಮೂರು ಕಾಲ ಅಂಗೈಯಲ್ಲಿ ಕಂಡ ಜಿನರಿಗೆ ಮಾತ್ರ ನೂರು. ಅವರ ಬಾಯಿಂದ ಬಂದುದನ್ನೆಲ್ಲ ಒಂದಕ್ಷರ ಬಿಡದೆ ನೆನಪಿನಲ್ಲಿ ಹೊತ್ತವರಿಗೆ ಐವತ್ತು ಕೊಡಬಹುದು. ಆಮೇಲೆ ಬರಗಾಲಗಳು ಬಂದವು, ಹೊತ್ತವರು ಸತ್ತರು, ಆಗಮಗಳು ಹರಿದುಹೋದವು. ಉಳಿದ ಚೂರುಗಳಿಗೆ ಟೀಕೆ ಬರೆದ ಮಹಾ ಆಚಾರ್ಯರಿಗೆ ಮೂವತ್ತು. ಹೀಗೆ ಒಬ್ಬೊಬ್ಬರನ್ನೇ ಕೈಮುಗಿದು ಇಳಿಸುತ್ತ ಇಳಿಸುತ್ತ ಇಂದ್ರರು ನೆಲ್ಲಿಕಾರಿನ ಅಜ್ಜನ ಹತ್ತಿರ ಬಂದರು. ಅಜ್ಜನಿಗೆ ಹದಿನಾಲ್ಕು. ಅದರ ಕೆಳಗೆ ತಮಗೆ ಎಷ್ಟು ಎಂಬುದನ್ನೂ ಅವರು ಮನಸ್ಸಿನಲ್ಲಿ ತೂಗಿದರು. ಆದರೆ ಆ ಸಂಖ್ಯೆಯನ್ನು ಯಾರಿಗೂ ಹೇಳಲಿಲ್ಲ. ಕಡೆಗೆ ಇಶಿದಾ. ಒಂದೇ ವರ್ಷ, ಹೊರದೇಶದ ನಾಲಿಗೆ, ಆದರೂ ಎಂಥ ಹುಡುಗ. ಐದು ಎಂದು ಮೊದಲು ಎಣಿಸಿದರು. ಆರು ಎಂದರು. ಪ್ರೀತಿ ಹೆಚ್ಚಾಯಿತೇ ಎಂದು ತಮ್ಮನ್ನೇ ಗದರಿಸಿ ನೋಡಿದರು. ಇಲ್ಲ, ನ್ಯಾಯವೇ. ಏಳು ಎಂದು ಬರೆದು ರುಜು ಹಾಕಿ, ಮಾಸ್ಟ್ರಿಗೆ ಕಾಯದೆ ತಾವೇ ಅಂಚೆಗೆ ಹಾಕಿ ಬಂದರು.

ಅಲ್ಲಿಂದ ಸೀದಾ ಶೀನಪ್ಪನ ಹೋಟೆಲು. "ಕೊಟ್ಟುಬಿಟ್ಟೆ," ಎಂದರು. "ಇಷ್ಟು ಅಂಕ ನನ್ನ ಜನ್ಮದಲ್ಲಿ ಯಾರಿಗೂ ಕೊಟ್ಟದ್ದಿಲ್ಲ. ಇನ್ನು ಮುಂದೆ ಕೊಡುವುದೂ ಇಲ್ಲ. ಜಪಾನಿನಲ್ಲಿ ಅದನ್ನು ನೋಡಿ ಎಷ್ಟು ಜನ ಮೂರ್ಛೆ ಹೋಗ್ತಾರೋ ನೋಡುವ."

ಊರು ತೊಂಬತ್ತೊಂಬತ್ತು ಎಂದುಕೊಂಡಿತು. ಶೀನಪ್ಪ ಇಶಿದಾನಿಗೆ ಒಂದು ತಟ್ಟೆ ಬಾಳೆಹಣ್ಣಿನ ಹಲ್ವ ಕೊಟ್ಟು ದುಡ್ಡು ಬೇಡವೆಂದ. ಶೀನಪ್ಪ ದುಡ್ಡು ಬೇಡವೆಂದದ್ದನ್ನು ನೋಡಲು ಬೆಳ್ತಂಗಡಿಯಿಂದ ಜನ ಬಂದಿದ್ದರು ಎಂದು ಈಗಲೂ ಹೇಳುತ್ತಾರೆ.

ಜಪಾನಿನಲ್ಲಿ ಮೂರ್ಛೆ ಹೋದವರ ಲೆಕ್ಕ ತಿಳಿಯದು. ಉತ್ತರ ಮಾತ್ರ ಬೇಗ ಬಂತು. ಇಂದ್ರರ ಚಾವಡಿಯಲ್ಲಿ ಚಿನ್ನಯ್ಯ ಮಾಸ್ಟ್ರು ಅದನ್ನು ಒಂದು ಸಲ ಮನಸ್ಸಿನಲ್ಲಿ ಓದಿದರು, ಕನ್ನಡಕ ಒರೆಸಿ ಇನ್ನೊಂದು ಸಲ ಓದಿದರು.

"ಇಂದ್ರರೇ, ನೀವು ಎಷ್ಟು ಹಾಕಿದ್ದು?"

"ಏಳು."

"ಎಪ್ಪತ್ತಾ?"

"ಏಳು, ಮಾಸ್ಟ್ರೇ. ಬೆರಳು ತೋರಿಸಬೇಕಾ?"

ಮಾಸ್ಟ್ರು ಕಾಗದ ಮಡಚಿದರು. "ಅರವತ್ತು ಇಲ್ಲದಿದ್ದರೆ ಹುಡುಗ ಫೇಲು. ಈ ವರ್ಷ ಲೆಕ್ಕಕ್ಕಿಲ್ಲವಂತೆ, ಹಡಗು ಹತ್ತಿ ಹಿಂದೆ ಬರಬೇಕಂತೆ. ಬರೆಯುವಾಗ ಏನಾದರೂ ತಪ್ಪಾಗಿದ್ದರೆ ಗುರುಗಳು ಕೂಡಲೇ ತಿದ್ದಿ ಕಳುಹಿಸಲಿ ಅಂತ ಉಂಟು."

ಮೂಲೆಯಲ್ಲಿ ಗರಿ ಒರೆಸುತ್ತಿದ್ದ ಇಶಿದಾನ ಕೈ ನಿಂತಿತು. ಆ ಗರಿಯನ್ನು ಪೂರ್ತಿ ಒರೆಸಿ, ಅದರ ಜಾಗದಲ್ಲಿಟ್ಟು, ಇಂದ್ರರ ಮುಂದೆ ಬಂದು ಕುಳಿತ. "ನಾನು ಎಲ್ಲಿ ಕುಂದಿದೆನು ಎಂದು ತಿಳಿಸಿದರೆ, ಹೋಗುವ ಮೊದಲು ತಿದ್ದಿಕೊಳ್ಳುವೆನು."

"ಕುಂದಿದೆಯಾ? ನೀನಾ?" ಇಂದ್ರರಿಗೆ ಮಾತು ಸಿಗಲಿಲ್ಲ. ಇಷ್ಟು ವರ್ಷದಲ್ಲಿ ಅವರಿಗೆ ಮಾತು ಸಿಗದೇ ಹೋದದ್ದು ಅದೊಂದೇ ಸಲ. ಆ ಹೊತ್ತಿಗೆ ಊರಿನ ಹದಿನೆಂಟು ಬಸದಿಗಳ ಗಂಟೆಗಳೂ ತಾವಾಗಿಯೇ ಮೌನವಾದವು. ಆಮೇಲೆ ಜಿನರಿಂದ ಹಿಡಿದು ಅಜ್ಜನವರೆಗೆ ಎಲ್ಲವನ್ನೂ ವಿವರಿಸಿದರು.

ಮಾಸ್ಟ್ರು ಹಣೆ ಹಿಡಿದುಕೊಂಡು ಕೇಳಿದರು. "ತಪ್ಪು ನನ್ನದೂ ಉಂಟು. ಅವರ ನೂರು ಅಷ್ಟು ದೊಡ್ಡದಲ್ಲ ಇಂದ್ರರೇ, ಒಂದು ವರ್ಷದ ಪಾಠದಷ್ಟೇ. ಈಗ ಸುಲಭ ಉಂಟು. ಏಳರ ಮುಂದೆ ಒಂದು ಸೊನ್ನೆ ಹಾಕುವ. ಬಿಟ್ಟುಹೋಗಿತ್ತು ಅಂತ ಬರೆಯುವ."

"ಬಿಟ್ಟುಹೋಗಿರಲಿಲ್ಲವಲ್ಲ."

"ಒಂದು ಸೊನ್ನೆ ಮಾರಾಯ್ರೆ."

"ಆ ಸೊನ್ನೆ ನಾನು ಎಲ್ಲಿಂದ ತರಲಿ ಮಾಸ್ಟ್ರೇ? ನನ್ನ ಗುರುಗಳ ತಲೆಯ ಮೇಲಿನಿಂದಲಾ? ಅಜ್ಜನಿಗೆ ಹದಿನಾಲ್ಕು ಅಂತ ತೂಗಿದ ತಕ್ಕಡಿಯಲ್ಲಿ ಇವನಿಗೆ ಎಪ್ಪತ್ತು ಅಂತ ರುಜು ಹಾಕಿದರೆ ನಾಳೆ ನಾನು ಆ ಬಟ್ಟೆ ಬಿಚ್ಚುವುದು ಯಾವ ಕೈಯಲ್ಲಿ?"

ಒಳಬಾಗಿಲಲ್ಲಿ ನಿಂತಿದ್ದ ಯಶೋಧಮ್ಮ ಸುಮ್ಮನಿರಲಿಲ್ಲ. "ಬಾವಿಗೆ ಎರಡು ಸೊನ್ನೆ ಹಾಕುವಾಗ ಈ ಕೈಗೆ ಏನೂ ಆಗುವುದಿಲ್ಲ. ಹಲಸಿನ ಹಣ್ಣಿಗೆ ಮೂರು ಹಾಕ್ತೀರಿ. ಹುಡುಗನಿಗೆ ಒಂದು ಹಾಕಲಿಕ್ಕೆ ಬರುವುದಿಲ್ಲ."

"ಬಾವಿ ಬೇರೆ, ಇದು ಬೇರೆ."

"ಬಾವಿಯಿಂದ ಯಾರೂ ಹಡಗು ಹತ್ತಿ ಹೋಗಲಿಕ್ಕಿಲ್ಲ, ಅದು ಹೌದು."

ಮಾಸ್ಟ್ರು, ನಾಳೆಯ ಟಪಾಲಿಗೆ ಉತ್ತರ ಹೋಗದಿದ್ದರೆ ಕಷ್ಟ ಎಂದು ಹೇಳಿ ಎದ್ದು ಹೋದರು. ಇಶಿದಾ ಕೋಣೆಗೆ ಹೋಗಿ ಪೆಟ್ಟಿಗೆಯ ಧೂಳು ಒರೆಸಿದ. ಒರೆಸುವುದನ್ನು ಅವನು ಚೆನ್ನಾಗಿ ಕಲಿತಿದ್ದ. ಆ ಸದ್ದು ಚಾವಡಿಗೆ ಕೇಳುತ್ತಿತ್ತು.

ಸೂರ್ಯ ಇಳಿಯುವ ಮೊದಲಿನ ಊಟಕ್ಕೆ ಮೂವರೂ ಕುಳಿತೆದ್ದರು. ಯಶೋಧಮ್ಮ, "ಇನ್ನೆರಡು ಸೌಟು ಹಾಕಿಸಿಕೋ ಮಗಾ," ಎಂದಾಗ ಇಶಿದಾ ಹಾಕಿಸಿಕೊಂಡ. ಆ ಎರಡು ಸೌಟು ಬಾಳೆಲೆಯ ಮೇಲೆಯೇ ಉಳಿಯಿತು. ಅವನು ಎಲೆಯಲ್ಲಿ ಒಂದಗುಳು ಬಿಟ್ಟದ್ದನ್ನು ಆ ಮನೆ ಅಲ್ಲಿಯವರೆಗೆ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಯಶೋಧಮ್ಮ ಬಾವಿಕಟ್ಟೆಯ ಹತ್ತಿರ ನೀರು ಸೋಸುತ್ತಿದ್ದರು. ಕೊಡದ ಬಾಯಿಗೆ ಬಿಳಿ ಬಟ್ಟೆ ಬಿಗಿದು, ಒಂದು ಹುಳವೂ ಸಾಯದ ಹಾಗೆ ನಿಧಾನ ಹೊಯ್ಯುವ ಕೆಲಸ. ಇಂದ್ರರು ಬಂದು ಕಟ್ಟೆಯ ಮೇಲೆ ಕುಳಿತರು.

"ಒಂದು ಕೇಳ್ತೇನೆ," ಎಂದರು ಯಶೋಧಮ್ಮ ತಲೆ ಎತ್ತದೆ. "ಅಜ್ಜನಿಗೆ ಹದಿನಾಲ್ಕು, ಹುಡುಗನಿಗೆ ಏಳು. ನಡುವೆ ಒಬ್ಬರು ಇದ್ದಾರಲ್ಲ. ಅವರಿಗೆ ಎಷ್ಟು?"

ಇಂದ್ರರು ಬಾವಿಯೊಳಗೆ ನೋಡಿದರು. ನೀರು ಅಲ್ಲೇ, ನಾಲ್ಕಾಳುದ್ದ ಕೆಳಗೆ, ಅವರ ಮುಖ ತೋರಿಸುತ್ತಿತ್ತು.

"ಒಂಬತ್ತು," ಎಂದರು.

ಯಶೋಧಮ್ಮ ಹೊಯ್ಯುತ್ತಿದ್ದ ನೀರು ಸ್ವಲ್ಪ ಹೊರಗೆ ಚೆಲ್ಲಿತು. ಮದುವೆಯಾದಂದಿನಿಂದ ಈ ಬಾಯಿಂದ ಇಷ್ಟು ಸಣ್ಣ ಸಂಖ್ಯೆ ಬಂದದ್ದನ್ನು ಅವರು ಕೇಳಿರಲಿಲ್ಲ. ಅವರು ನಗಲಿಲ್ಲ. ಬಟ್ಟೆಯನ್ನು ಮತ್ತೆ ಬಿಗಿ ಮಾಡಿದರು.

"ಹಾಗಾದರೆ ನಿಮ್ಮಲ್ಲಿ ಇದ್ದ ಒಂಬತ್ತರಲ್ಲಿ ಏಳನ್ನು ಆ ಹುಡುಗ ಒಂದೇ ವರ್ಷದಲ್ಲಿ ಹೊತ್ತುಕೊಂಡನಾ?"

ಇಂದ್ರರಿಗೆ ದಾರಿ ಕಂಡಿತ್ತು. ಅದರಲ್ಲಿ ನಡೆಯುವುದು ಎಷ್ಟು ಕಷ್ಟ ಎಂಬುದೂ ಕಂಡಿತ್ತು. ಆ ಒಂಬತ್ತನ್ನು ಇಂಗ್ಲಿಷಿನಲ್ಲಿ ಬರೆಯಬೇಕಾದವರು ಚಿನ್ನಯ್ಯ ಮಾಸ್ಟ್ರು. ಮಾಸ್ಟ್ರಿಗೆ ಗೊತ್ತಾದದ್ದು ಮಧ್ಯಾಹ್ನಕ್ಕೆ ಶೀನಪ್ಪನಿಗೆ, ಸಂಜೆಗೆ ಮಮ್ಮುವಿನ ಬಸ್ಸಿನಲ್ಲಿ ಬಂಟ್ವಾಳಕ್ಕೆ, ನಾಳೆ ಪೊಳಲಿಯ ಹೊಳೆ ದಾಟಿ ಮಂಗಳೂರಿಗೆ. ನೇತ್ರಾವತಿಯನ್ನು ಸುಸ್ತು ಮಾಡಿದ ವೀರರಾಜ ಇಂದ್ರರಿಗೆ, ಅವರದೇ ರುಜುವಿನ ಪ್ರಕಾರ, ನೂರರಲ್ಲಿ ಒಂಬತ್ತು. ಅವರು ಹೆಗಲಿಗೆ ಶಲ್ಯ ಹಾಕಿಕೊಂಡು ಎದ್ದರು.

ಮಾಸ್ಟ್ರ ಮನೆಗೆ ಇಶಿದಾನನ್ನೂ ಕರೆದುಕೊಂಡೇ ಹೋದರು. "ಬರೆಯಿರಿ ಮಾಸ್ಟ್ರೇ. ನೂರು ಎಂಬುದು ಜಿನರದ್ದು. ಆ ಅಳತೆಯಲ್ಲಿ ಈ ಹುಡುಗನಿಗೆ ಕಲಿಸಿದ ನನಗೆ ಇರುವುದು ಒಂಬತ್ತು. ಅದರಲ್ಲಿ ಏಳು ಅವನಿಗೆ ಬಂದಿದೆ. ಇದರ ಮೇಲೆ ನಿಮ್ಮ ಲೆಕ್ಕ ನೀವು ಮಾಡಿಕೊಳ್ಳಿ."

ಮಾಸ್ಟ್ರ ಪೆನ್ನು ಗಾಳಿಯಲ್ಲೇ ನಿಂತಿತು. ಒಳ್ಳೆಯ ಮನುಷ್ಯ, ಸ್ನೇಹಿತನ ಮರ್ಯಾದೆ ಉಳಿಸಬೇಕೆಂದು ಹೊರಟರು. "ಒಂಬತ್ತು ಬೇಡ ಇಂದ್ರರೇ, ಹೊರದೇಶಕ್ಕೆ ಹೋಗುವ ಕಾಗದ. ನಿಮಗೆ ಒಂದು ಇಪ್ಪತ್ತು ಹಾಕುವ." ಕಾಗದದ ಅಂಚಿನಲ್ಲಿ ಗುಣಿಸಿ ಭಾಗಿಸಿದರು. "ಛೆ, ಇಪ್ಪತ್ತಾದರೆ ಹುಡುಗನ ಏಳು ಅಂದರೆ ನೂರಕ್ಕೆ ಮೂವತ್ತೈದು. ಹನ್ನೆರಡು ಹಾಕುವ. ಹನ್ನೆರಡಾದರೆ..." ಮತ್ತೆ ಭಾಗಿಸಿದರು. "ಐವತ್ತೆಂಟು. ಆಗಲೂ ಬಿದ್ದ."

"ನಾನು ಮೇಲೆ ಹೋದಷ್ಟೂ ಅವನು ಕೆಳಗೆ ಬರ್ತಾನೆ," ಎಂದರು ಇಂದ್ರರು. "ಅದಕ್ಕೇ ಹೇಳಿದ್ದು, ಇದ್ದದ್ದನ್ನು ಬರೆಯಿರಿ ಅಂತ."

"ಒಂಬತ್ತಾದರೆ ಎಪ್ಪತ್ತೇಳು ಚಿಲ್ಲರೆ."

ಆಗ ಇಶಿದಾ ಎದ್ದು ನಿಂತ. "ಶಿಷ್ಯನ ನಿಮಿತ್ತ ಗುರುವಿನ ಅಂಕವನ್ನು ಬರೆಯಬಾರದು. ನಾನು ಹಿಂದಿರುಗುವೆನು. ಚಪ್ಪಲಿಯೂ ಒಳ್ಳೆಯ ವಸ್ತು."

"ಕೂತುಕೋ," ಎಂದರು ಇಂದ್ರರು. "ನೀನು ಏಳು. ಒಂಬತ್ತರ ಹತ್ತಿರ ವಾದ ಮಾಡಬೇಡ."

ಕಾಗದ ಹೋಯಿತು. ಸುದ್ದಿ ಅದಕ್ಕಿಂತ ಬೇಗ ಹೋಯಿತು. ಒಂದು ವಾರ ಇಂದ್ರರು ಶೀನಪ್ಪನ ಹೋಟೆಲಿನ ದಾರಿ ಬಿಟ್ಟು ಗದ್ದೆಯ ಬದುವಿನಲ್ಲಿ ಸುತ್ತಿ ಬಸದಿಗೆ ಹೋದರು. ಆ ಬದು ಅವರ ಕಾಲಿಗೆ ಸವೆದು ಆಳವಾಗಿ ತೋಡಾಯಿತು, ಈಗಲೂ ಮಳೆಗಾಲದಲ್ಲಿ ಅಲ್ಲಿ ನೀರು ಹರಿಯುತ್ತದೆ. ಎಂಟನೆಯ ದಿನ ಚಾ ಬಿಟ್ಟಿರಲಾರದೆ ಹೋಟೆಲಿಗೆ ಬಂದು ಕುಳಿತರು. ಶೀನಪ್ಪ ಚಾ ತಂದಿಟ್ಟ.

"ಒಂಬತ್ತಂತೆ ಇಂದ್ರರೇ."

"ಹೌದು."

"ಹಾಗಾದರೆ ಬಾವಿ?"

ಇಂದ್ರರು ಚಾ ಊದಿ ಕುಡಿದರು. "ನಾಲ್ಕಾಳು," ಎಂದರು. ಬೆಂಚಿನಲ್ಲಿ ಕುಳಿತ ಯಾರಿಗೂ ನಗು ಬರಲಿಲ್ಲ. ಅವರೆಲ್ಲರ ಬಾವಿಯಲ್ಲೂ ನೀರು ಇಳಿದುಹೋದ ಹಾಗೆ ಆಯಿತು.

ಜಪಾನಿನವರು ಒಪ್ಪಿದರು. ಲೆಕ್ಕ ವಿಚಿತ್ರವಾಗಿದೆ, ಆದರೆ ಸರಿಯಾಗಿದೆ ಎಂದು ಬರೆದಿದ್ದರು. ಇಶಿದಾ ಎರಡನೆಯ ವರ್ಷಕ್ಕೆ ಉಳಿದ.

ಆ ವರ್ಷ ಅವನು ಓದಿದ್ದಕ್ಕಿಂತ ಹೆಚ್ಚು ಒರೆಸಿದ್ದೇ ಇರಬೇಕು. ಒಂದು ಬೆಳಿಗ್ಗೆ ಅವನು ಆ 'ಗೊತ್ತಿಲ್ಲ'ದ ಕಟ್ಟನ್ನು ತೆಗೆದು, ಅಂಚು ಮುರಿದು ಸಂಖ್ಯೆ ಕಳೆದುಕೊಂಡಿದ್ದ ಒಂದು ಗರಿಯನ್ನು ಕೈಯಲ್ಲಿ ಹಿಡಿದು ಇಂದ್ರರ ಮುಂದೆ ಬಂದ.

"ಕೇಳಲು ನನಗೆ ವಯಸ್ಸಾಗಿದೆಯೋ ತಿಳಿಯದು," ಎಂದ. "ಹುಳವು ಈ ಕಟ್ಟನ್ನು ಮೇಲಿನಿಂದ ಕೆಳಗೆ ಕೊರೆದಿದೆ. ಒಂದು ಗರಿಯ ತೂತಿನ ಕೆಳಗೆ ಇನ್ನೊಂದರ ತೂತು ಬರಬೇಕು. ಒರೆಸುವಾಗ ಬೆರಳಿಗೆ ತಿಳಿಯುತ್ತದೆ. ಈ ಗರಿಯಲ್ಲಿ ಮಾತ್ರ ತೂತು ಬೇರೆ ಕಡೆಗಿದೆ. ಇದು ಇಲ್ಲಿಯದಲ್ಲ. ಹಿಂದೆ, ಇಲ್ಲಿ ಇಟ್ಟರೆ ಕೂಡುತ್ತದೆ."

ಇಂದ್ರರು ಗರಿಯನ್ನು ಅವನು ತೋರಿಸಿದ ಜಾಗದಲ್ಲಿಟ್ಟರು. ಹಿಂದಿನದರಿಂದ ಹಿಡಿದು ಸ್ವರವೆತ್ತಿ ಓದಿದರು. ವಾಕ್ಯ ಹೊರಟಿತು, ತಿರುಗಿತು, ಹೊಳೆ ಬಯಲಿಗೆ ಬಂದ ಹಾಗೆ ಬಂದು ಮುಟ್ಟಬೇಕಾದಲ್ಲಿ ಮುಟ್ಟಿತು. ಅವರು ಮತ್ತೊಮ್ಮೆ ಓದಿದರು. ಆಮೇಲೆ ನೆಲ್ಲಿಕಾರಿನ ದಿಕ್ಕಿಗೆ ತಿರುಗಿ, ಸತ್ತು ಎಷ್ಟೋ ಕಾಲವಾಗಿದ್ದ ಗುರುವಿಗೆ ಹೇಳುವ ಹಾಗೆ, ಮೂರನೆಯ ಸಲ ಓದಿದರು.

ವರ್ಷದ ಕೊನೆಗೆ ಫಾರಂ ಬಂದಾಗ ಚಿನ್ನಯ್ಯ ಮಾಸ್ಟ್ರು ಪೆನ್ನು ತೆಗೆದು ಸಿದ್ಧವಾಗಿ ಕುಳಿತರು.

"ಹುಡುಗನಿಗೆ ಎಂಟು," ಎಂದರು ಇಂದ್ರರು. "ನನಗೆ ಹತ್ತು."

ಮಾಸ್ಟ್ರು ಕನ್ನಡಕದ ಮೇಲಿನಿಂದ ನೋಡಿದರು. "ಹಳೆ ಕಾಯಿಲೆ ವಾಪಸು ಬಂತಾ? ನಿಮಗೆ ಒಂಬತ್ತೇ ಇಟ್ಟರೆ ಹುಡುಗನಿಗೆ ಎಂಬತ್ತೆಂಟು ಸಿಗ್ತದೆ. ಹತ್ತು ಮಾಡಿದರೆ ಎಂಬತ್ತಕ್ಕೆ ಇಳಿಯಿತು. ಒಂದು ಅಂಕದ ಆಸೆಗೆ ಅವನಿಗೆ ನಷ್ಟ ಮಾಡ್ತೀರಾ?"

"ಆಸೆ ಅಲ್ಲ ಮಾಸ್ಟ್ರೇ. ಆ ಒಂದು ಅವನೇ ನನಗೆ ಕೊಟ್ಟದ್ದು. ಅಜ್ಜನಿಗೂ ಬಾರದೆ ಇದ್ದದ್ದು. ಬಂದದ್ದನ್ನು ಬಂತು ಅಂತ ಹೇಳಬೇಡವಾ?"

ಮಾಸ್ಟ್ರು ಇಶಿದಾನ ಕಡೆ ತಿರುಗಿದರು. "ನೀನು ಎಂತ ಹೇಳ್ತೀಯಾ?"

"ಎಂಬತ್ತು ಉಂಟಲ್ಲ ಮಾಸ್ಟ್ರೇ, ಸಾಕು," ಎಂದ ಇಶಿದಾ. ಅವನ ಬಾಯಿಂದ ಮೊದಲ ಸಲ ಬಂದ ಊರಿನ ಕನ್ನಡ ಅದು. ಯಶೋಧಮ್ಮ ಒಳಬಾಗಿಲಿನಿಂದ ತಲೆ ಹೊರಹಾಕಿ ನೋಡಿ ಸೌಟು ಬಡಿದರು.

ಇಂದ್ರರು ರುಜು ಹಾಕಿದರು. ಗರಿಗಳನ್ನು ಹೊಸ ಜೋಡಣೆಯಲ್ಲೇ ಜೋಡಿಸಿ, ಬಟ್ಟೆ ಸುತ್ತಿ, ಗಂಟು ಬಿಗಿದು, ಪೆಟ್ಟಿಗೆಯಲ್ಲಿಟ್ಟು ಬಂದರು. ಸೂರ್ಯ ಮುಳುಗುವ ಮೊದಲು ಊಟ ಮುಗಿಸಿ ಶಲ್ಯ ಕೊಡವಿ ಹೊರಟರು. ಗದ್ದೆಯ ಬದುವಿನಲ್ಲಲ್ಲ, ಪೇಟೆಯ ನಡುವಿನ ದಾರಿಯಲ್ಲಿ. ಶೀನಪ್ಪನ ಹೋಟೆಲಿನ ಬೆಂಚಿನಲ್ಲಿದ್ದವರು ಸರಿದು ಜಾಗ ಮಾಡಿಕೊಟ್ಟರು. ಆ ಸಂಜೆ ಇಂದ್ರರ ಮನೆಯ ಬಾವಿ ಅಲ್ಲಿಯವರೆಗೆ ಎಂದೂ ಮುಟ್ಟದ ಆಳಕ್ಕೆ ಮುಟ್ಟಿತು. ತಳದಲ್ಲಿ ಕಿವಿಗೊಟ್ಟರೆ ಜಪಾನಿನಲ್ಲಿ ಯಾರೋ ಮರದ ಚಪ್ಪಲಿ ಹಾಕಿ ನಡೆಯುವ ಸದ್ದು ಕೇಳುತ್ತದಂತೆ.